ಟೀಚರ್ ಜೊತೆ ಮಾತು: ಕೈಚೀಲದಲ್ಲಿ ಕ್ಯಾನ್ಸರ್ ಚೀಟಿ

ಪ್ರಶ್ನೆ: ಟೀಚರೇ, ಮಗ ಕ್ಯಾಲಿಫೋರ್ನಿಯಾದಿಂದ ನನಗೊಂದು ರೆಕ್ಸಿನ್ ಕೈಚೀಲ ತಂದ. ಒಳಗಿನ ಚೀಟಿಯಲ್ಲಿ ಹಳದಿ ತ್ರಿಕೋನ, ಪಕ್ಕದಲ್ಲಿ ‘ಕ್ಯಾನ್ಸರ್’ ಎಂಬ ಎಚ್ಚರಿಕೆ. ಕಾಸರಗೋಡು ಪೇಟೆಯಲ್ಲಿ ಕೊಂಡ ಇಂಥದೇ ಚೀಲದಲ್ಲಿ ಏನೂ ಬರೆದಿಲ್ಲ. ಮಗ ತಂದದ್ದನ್ನು ಬಿಸಾಡಲಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಚೀಟಿ ನೋಡಿ ಗಾಬರಿಯಿಂದ ಬಿಸಾಡಬೇಡಿ. ಅದನ್ನು ಹಾಕಿಸುವುದು 1986ರಲ್ಲಿ ಕ್ಯಾಲಿಫೋರ್ನಿಯಾದ ಜನರೇ ಮತ ಹಾಕಿ ತಂದ ಒಂದು ಕಾನೂನು, ಹೆಸರು ಪ್ರೊಪೊಸಿಷನ್ 65. ಕ್ಯಾನ್ಸರ್ ತರುವ, ಇಲ್ಲವೇ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ಸುಮಾರು 900 ರಾಸಾಯನಿಕಗಳ ಪಟ್ಟಿ ಅಲ್ಲಿನ ಸರ್ಕಾರದ ಬಳಿ ಇದೆ. ಅವು ಮಿತಿ ಮೀರಿ ತಾಗುವ ಹಾಗಿದ್ದರೆ ಮಾರುವವರು ಹೇಳಲೇಬೇಕು. ಆ ಮಿತಿ ಬಹಳ ಬಿಗಿ. ಲಕ್ಷ ಜನರಿಗೆ 70 ವರ್ಷ ದಿನವೂ ತಾಗಿದರೂ ಅದರಿಂದ ಒಬ್ಬರಿಗಿಂತ ಜಾಸ್ತಿ ಜನರಿಗೆ ಕ್ಯಾನ್ಸರ್ ಬರಬಾರದು ಎಂಬ ಲೆಕ್ಕ. ತಪ್ಪಿದರೆ ದಿನಕ್ಕೆ 2,500 ಡಾಲರ್ ತನಕ ದಂಡ. ಹಾಗಾಗಿ ಪರೀಕ್ಷೆ ಮಾಡಿಸದೆಯೇ ಚೀಟಿ ಹಚ್ಚುವ ಕಂಪನಿಗಳೂ ಇವೆ.

ರೆಕ್ಸಿನ್ ಮೆತ್ತಗಿರಲೆಂದು ಥಾಲೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಬಣ್ಣದಲ್ಲಿ ಸೀಸ ಇರುವುದುಂಟು. ಪೇಟೆಯ ಚೀಲದಲ್ಲೂ ಇವು ಇರಬಹುದು. ಹೇಳಬೇಕೆಂಬ ಆ ಕಾನೂನು ಇಲ್ಲಿಲ್ಲ, ಅಷ್ಟೇ. ಎರಡನ್ನೂ ಬಾಯಿಗೆ ಹಾಕುವ ಮಕ್ಕಳ ಕೈಗೆ ಕೊಡಬೇಡಿ. ಉಣ್ಣುವ ಮೊದಲು ಕೈ ತೊಳೆಯಿರಿ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ನಿಮ್ಮ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದರು. ಕೆಳಗೆ ಮನೆ, ಬಾವಿ, ತೋಡು ಇದ್ದವರಿಗೆ ಬೇಡ ಎನ್ನುವ ದಾರಿಯೇ ಇರಲಿಲ್ಲ. ಅದಕ್ಕೇ, ಮೊದಲೇ ಹೇಳಿ ಎನ್ನುವ ಕಾನೂನು ನಮ್ಮಲ್ಲೂ ಬರಬೇಕು ಎಂದು ನನ್ನ ಆಸೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಕ್ಯಾಲಿಫೋರ್ನಿಯಾದ ಆ ಪಟ್ಟಿಯಲ್ಲಿ ಅಡಿಕೆಯೂ ಇದೆ! ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ನಮ್ಮದೂ ಅಡಿಕೆ ತೋಟದ ಮನೆ, ಬರೆಯುವಾಗ ಸಂಕಟವಾಗುತ್ತದೆ. ಆದರೂ ಸುಮ್ನಿರುವುದು ಸರಿಯಲ್ಲ. ಚೀಲ ಹೆಗಲಲ್ಲಿ ಇರುತ್ತದೆ. ಅಡಿಕೆ ಹೋಳು ಗಂಟೆಗಟ್ಟಲೆ ಕೆನ್ನೆಯೊಳಗೇ ಇರುತ್ತದೆ, ಅಲ್ವಾ?

ಮನೆಯಲ್ಲಿ ಎಲೆಯಡಿಕೆ ಹಾಕುವವರಿದ್ದರೆ ಬೆಳಕಿಗೆ ಕೂರಿಸಿ ಬಾಯಿ ನೋಡಿ. ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತಿದೆಯಾ? ಖಾರ ತಾಗಿದರೆ ಉರಿಯುತ್ತದಾ? ಒಳಗೆ ಬಿಳಿ ಕಲೆ, ಒಣಗದ ಹುಣ್ಣು ಇದೆಯಾ? ಒಂದಿದ್ದರೂ ಹಲ್ಲಿನ ಡಾಕ್ಟರಿಗೆ ಈ ವಾರವೇ ತೋರಿಸಿ. ಅಗಿಯುವುದನ್ನು ಇವತ್ತೇ ಬಿಡಿಸಿ.