ಮಳೆ ಕಡಿಮೆ, ಹೊಲವೆಲ್ಲ ಜೌಗು: ಇದು ಹೇಗೆ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ಮಗ ಕೆನಡಾದ ವಿನಿಪೆಗ್ ಹತ್ತಿರ ಲಾರಿ ಓಡಿಸುತ್ತಾನೆ. ಏಪ್ರಿಲ್‌ನಲ್ಲಿ ವಿಡಿಯೊ ಕಾಲ್ ಮಾಡಿ ಅಲ್ಲಿನ ಹೊಲ ತೋರಿಸಿದ. ಕಣ್ಣು ಹಾಯುವಷ್ಟು ದೂರ ನೀರು ನಿಂತಿತ್ತು. ಮಳೆ ಜೋರಾ ಅಂತ ಕೇಳಿದರೆ, ನಮ್ಮ ಕೋಲಾರಕ್ಕಿಂತ ಕಡಿಮೆಯೇ ಅನ್ನುತ್ತಾನೆ. ಇಲ್ಲಿ ಸಾವಿರ ಅಡಿ ಕೊರೆಸಿದರೂ ನೀರಿಲ್ಲ, ಅಲ್ಲಿ ನೆಲದ ಮೇಲೇ ನಿಂತಿದೆ. ಯಾಕೆ ಸರ್?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ವಿನಿಪೆಗ್‌ನಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 500 ಮಿ.ಮೀ. ನೀರು ಬೀಳುತ್ತದೆ. ಕೋಲಾರದಲ್ಲಿ 700 ಮಿ.ಮೀ. ದಾಟುತ್ತದೆ. ಹೊಲ ಜೌಗಾಗುವುದಕ್ಕೆ ಎಷ್ಟು ನೀರು ಬಿತ್ತು ಅನ್ನುವುದಷ್ಟೇ ಕಾರಣವಲ್ಲ. ಬಿದ್ದ ನೀರಿಗೆ ಹೋಗಲು ದಾರಿ ಇದೆಯಾ ಅಂತ ನೋಡಬೇಕು. ಮೇಲಕ್ಕೆ ಆವಿಯಾಗಿ, ಕೆಳಕ್ಕೆ ಇಂಗಿ, ಪಕ್ಕಕ್ಕೆ ಹರಿದು, ಹೀಗೆ ನೀರಿಗೆ ಇರುವುದು ಮೂರೇ ದಾರಿ. ಅಲ್ಲಿ ಏಪ್ರಿಲ್‌ನಲ್ಲಿ ಮೂರೂ ಬಂದ್.

ಮೊದಲು ಬಿಸಿಲು. ನಮ್ಮ ಕಡೆ ಸೂರ್ಯ ವರ್ಷಕ್ಕೆ ಬೀಳುವ ಮಳೆಯ ಸುಮಾರು ಎರಡು ಪಟ್ಟು ನೀರನ್ನು ಆವಿ ಮಾಡಬಲ್ಲ. ಅಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿದ್ದದ್ದೆಲ್ಲ ಹಿಮವಾಗಿ ಹೊಲದ ಮೇಲೇ ಕೂತಿರುತ್ತದೆ. ಏಪ್ರಿಲ್‌ನಲ್ಲಿ ಒಟ್ಟಿಗೆ ಕರಗುತ್ತದೆ. ಆದರೆ ಆಗ ನೆಲದೊಳಗೆ ಸಾಕಷ್ಟು ಆಳದವರೆಗೆ ಮಣ್ಣು ಇನ್ನೂ ಹೆಪ್ಪುಗಟ್ಟಿರುತ್ತದೆ. ಮೇಲೆ ಕರಗಿದ ನೀರು ಕೆಳಗೆ ಇಳಿಯುವುದು ಎಲ್ಲಿಗೆ?

ಇನ್ನು ಮಣ್ಣಿನ ವಿಷಯ. ನಿಜವಾದ ಕಥೆ ಇರುವುದು ಇಲ್ಲೇ. ಸುಮಾರು 20,000 ವರ್ಷದ ಹಿಂದೆ ಕೆನಡಾದ ಬಹುಪಾಲು ನೆಲ ಹಿಮದ ಹಾಸಿನ ಕೆಳಗಿತ್ತು. ಕೆಲವು ಕಡೆ ಅದರ ದಪ್ಪ ಮೂರು ಕಿಲೋಮೀಟರ್‌ವರೆಗೆ ಇತ್ತು ಅಂತ ಅಂದಾಜು. ಆ ಹಿಮ ಸುಮ್ನೆ ಕೂತಿರಲಿಲ್ಲ. ನಿಧಾನಕ್ಕೆ ಜರುಗುತ್ತಾ ಬಂಡೆಗಳನ್ನು ಕಿತ್ತು, ಉಜ್ಜಿ, ಹಿಟ್ಟಿನಷ್ಟು ನುಣ್ಣಗೆ ಮಾಡಿತು. ಕರಗುವಾಗ ಎಲ್ಲವನ್ನೂ ಅಲ್ಲಲ್ಲೇ ಬಿಟ್ಟಿತು. ಜೇಡಿ, ಮರಳು, ಆನೆ ಗಾತ್ರದ ಗುಂಡು ಎಲ್ಲ ಒಂದರಲ್ಲೊಂದು ಬೆರೆತ ಈ ರಾಶಿಗೆ ಟಿಲ್ ಅನ್ನುತ್ತಾರೆ. ಹಿಮದ ಅಡಿಯಲ್ಲೇ ಸಿಕ್ಕಿಕೊಂಡ ಟಿಲ್ ಅಂತೂ ಸಾವಿರಾರು ವರ್ಷ ಆ ಭಾರ ಹೊತ್ತಿತ್ತು. ರಾಗಿ ಕಣಕ್ಕೆ ಸಗಣಿ ಸಾರಿಸಿ ರೋಣಗಲ್ಲು ಎಳೆದ ಹಾಗೆ ಅದು ಬಿಗಿದುಕೊಂಡಿದೆ. ಬೇರು ಇಳಿಯುವುದೇ ಕಷ್ಟ, ನೀರಂತೂ ತೆವಳುತ್ತದೆ.

ವಿನಿಪೆಗ್ ಸುತ್ತ ಇನ್ನೊಂದು ವಿಚಿತ್ರ ಇದೆ. ಹಿಮ ಉತ್ತರದ ಕಡೆಗೆ ಹಿಂದೆ ಸರಿಯುವಾಗ ಕರಗಿದ ನೀರಿಗೆ ಹರಿಯಲು ಜಾಗ ಇರಲಿಲ್ಲ. ಉತ್ತರಕ್ಕೆ ಹಿಮದ ಗೋಡೆ ಅಡ್ಡ ನಿಂತಿತ್ತು. ಅಲ್ಲೊಂದು ಸಮುದ್ರದಂಥ ಸರೋವರ ಕಟ್ಟಿಕೊಂಡಿತು. ಭೂವಿಜ್ಞಾನಿಗಳು ಅದನ್ನು ಅಗಾಸಿಜ್ ಸರೋವರ ಅನ್ನುತ್ತಾರೆ. ಸುಮಾರು 8,000 ವರ್ಷದ ಹಿಂದೆ ಅದು ಪೂರ್ತಿ ಬರಿದಾಯಿತು. ಆದರೆ ತಳದಲ್ಲಿ ಕೂತ ನುಣುಪು ಜೇಡಿ ಉಳಿಯಿತು. ವಿನಿಪೆಗ್ ನಗರದ ಅಡಿಯಲ್ಲಿ ಅದು ಹತ್ತು ಮೀಟರ್ ಆಸುಪಾಸು ದಪ್ಪ ಇದೆ. ಅಲ್ಲಿನವರು ಇದನ್ನು ಗಂಬೋ ಅನ್ನುತ್ತಾರೆ. ಒಣಗಿದಾಗ ನಮ್ಮ ಚಿತ್ರದುರ್ಗದ ಕಡೆಯ ಎರೆ ಮಣ್ಣಿನ ಹಾಗೇ ಬಿರಿಯುತ್ತದೆ, ನೆನೆದಾಗ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಕೆಳಕ್ಕೆ ದಾರಿ ಇಲ್ಲ.

ಪಕ್ಕಕ್ಕಾದರೂ ಹರಿಯಬಹುದಲ್ವಾ ಅಂದರೆ, ಹಳೇ ಸರೋವರದ ತಳ ಅಲ್ವಾ, ಎಲ್ಲಾ ಸಪಾಟು. ಸಾಲದ್ದಕ್ಕೆ ಅಲ್ಲಿನ ರೆಡ್ ರಿವರ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ಮೇಲ್ಭಾಗದಲ್ಲಿ ಹಿಮ ಮೊದಲು ಕರಗಿ ನೀರು ಬರುತ್ತದೆ, ಆದರೆ ಕೆಳಭಾಗದಲ್ಲಿ ನದಿ ಇನ್ನೂ ಗಡ್ಡೆಕಟ್ಟಿರುತ್ತದೆ. 1950ರಲ್ಲಿ ಹೀಗೆ ದೊಡ್ಡ ಪ್ರವಾಹ ಬಂತು. ಆಮೇಲೆ ನಗರವನ್ನು ಬಳಸಿ ಹೋಗುವ ದೊಡ್ಡ ಕಾಲುವೆ ತೋಡಿ 1968ರಲ್ಲಿ ಮುಗಿಸಿದರು. ನಿಮ್ಮ ಮಗನಿಗೆ ಬಿಡುವಾದಾಗ ನೋಡಿ ಬರಲು ಹೇಳಿ, ನೋಡಬೇಕಾದ ಕೆಲಸ ಅದು.

ನಮ್ಮ ಕೆಮ್ಮಣ್ಣಿನ ಕಥೆಯೇ ಬೇರೆ. ಅದನ್ನು ಯಾವ ಹಿಮವೂ ಹೊತ್ತು ತಂದಿಲ್ಲ. 250 ಕೋಟಿ ವರ್ಷಕ್ಕೂ ಹಳೆಯ ಬಂಡೆ ಇದ್ದಲ್ಲೇ ಸವೆದು ಮಣ್ಣಾಗಿದೆ. ಗರಸು, ಮರಳು ಜಾಸ್ತಿ, ನೀರು ಬೇಗ ಇಳಿಯುತ್ತದೆ. ಇಳಿದ ಮೇಲೆ ಸಿಗುವುದು ಗಟ್ಟಿ ಬಂಡೆ. ನೀರು ಅದರ ಬಿರುಕಿನಲ್ಲಿ ಮಾತ್ರ ನಿಲ್ಲಬೇಕು. ಆ ಬಿರುಕುಗಳನ್ನೂ ನಾವು ಬೋರ್‌ವೆಲ್ ಹಾಕಿ ಹೀರಿದ್ದೇವೆ.

ಪ್ರಶ್ನೆ: ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಶೀತ ದೇಶಗಳ ಜೌಗು ಮಣ್ಣು ಬೂದು ಬಣ್ಣಕ್ಕೆ ಇರುತ್ತದೆ ಅಂತ ಓದಿದೆ. ಬೂದು ಅಂದರೆ ಸತ್ವ ಇಲ್ಲ ಅಂತಾನಾ ಮೇಡಂ?

ಉತ್ತರ: ಹಿಂದಿನ ಉತ್ತರ ನಮ್ಮ ಸಹೋದ್ಯೋಗಿಯದು, ಇದು ನನ್ನ ಪಾಲಿಗೆ ಬಂತು.

ಅಲ್ಲಮ್ಮ, ಬೂದು ಅಂದರೆ ಸತ್ವ ಇಲ್ಲ ಅಂತಲ್ಲ, ಉಸಿರು ಇಲ್ಲ ಅಂತ. ನೀರಿನಲ್ಲಿ ಆಮ್ಲಜನಕ ಸಾಗುವ ವೇಗ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿಕೊಂಡರೆ ಇದ್ದಬದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗ ಮುಗಿಸುತ್ತವೆ. ಆಮೇಲೆ ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ ಹೀಗೆ ಒಂದೊಂದನ್ನೇ ಬಳಸಿಕೊಳ್ಳುತ್ತಾ ಹೋಗುತ್ತವೆ. ಮಣ್ಣಿಗೆ ಕೆಂಪು, ಕಂದು ಬಣ್ಣ ಕೊಡುವುದು ಕಣಗಳಿಗೆ ಮೆತ್ತಿಕೊಂಡ ಕಬ್ಬಿಣದ ತುಕ್ಕು. ಜೀವಿಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟಾಗ ಅದು ನೀರಿನಲ್ಲಿ ಕರಗುವ ರೂಪಕ್ಕೆ ಬಂದು ಜಾರಿಹೋಗುತ್ತದೆ. ತುಕ್ಕಿನ ಲೇಪ ಹೋದ ಮೇಲೆ ಉಳಿಯುವುದು ಖನಿಜದ ಸ್ವಂತ ಬಣ್ಣ, ಅಂದರೆ ಬೂದು. ಕೆಲವೊಮ್ಮೆ ನೀಲಿ, ಹಸಿರು ಛಾಯೆಯೂ ಇರುತ್ತದೆ. ಇಂಥ ಮಣ್ಣಿಗೆ ಗ್ಲೈ ಅನ್ನುತ್ತಾರೆ. ಕೆನಡಾದ ಮಣ್ಣಿನ ವರ್ಗೀಕರಣದಲ್ಲಿ ಇದಕ್ಕೆ ಗ್ಲೈಸಾಲಿಕ್ ಅಂತ ಪ್ರತ್ಯೇಕ ವರ್ಗವೇ ಇದೆ. ಪರೀಕ್ಷೆಗೆ ಇದನ್ನು ನೆನಪಿಡಿ.

ನೀರು ಏರಿಳಿಯುವ ಆಳದಲ್ಲಿ ಬೂದಿನ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ನೀರು ಇಳಿದಾಗ ಗಾಳಿ ಎಲ್ಲೆಲ್ಲಿ ಒಳಗೆ ಬಂತು ಅನ್ನುವುದರ ಗುರುತು ಅದು. ಬೇಸಿಗೆಯಲ್ಲಿ ಹೋಗಿ ಒಣಗಿದ ಗುಂಡಿ ನೋಡಿದರೂ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಹೇಳಬಹುದು.

ಇನ್ನು ಸತ್ವದ ಮಾತು. ಅಮೆರಿಕದ ಇಲಿನಾಯ್ ರಾಜ್ಯ ತನ್ನ ಹೆಮ್ಮೆಯ ಮಣ್ಣು ಅಂತ ಆರಿಸಿಕೊಂಡಿರುವುದು ಡ್ರಮ್ಮರ್ ಅನ್ನುವ ಮಣ್ಣನ್ನು. ಹಿಮಯುಗ ಬಿಟ್ಟುಹೋದ ಪದರದ ಮೇಲೆ ಗಾಳಿ ತಂದ ಧೂಳು ಕೂತು ಆದದ್ದು. ಮೂಲದಲ್ಲಿ ಪಕ್ಕಾ ಜೌಗು. ಚಳಿ, ತೇವ ಎರಡೂ ಇದ್ದಲ್ಲಿ ಹುಲ್ಲು ಬೇರು ಪೂರ್ತಿ ಕೊಳೆಯುವುದಿಲ್ಲ, ಹಾಗಾಗಿ ಮೇಲ್ಮಣ್ಣು ಕಪ್ಪಗೆ ಫಲವತ್ತಾಗಿರುತ್ತದೆ. ಕೆಳಗೆ ಬೂದು, ಮೇಲೆ ಕಪ್ಪು ಬಂಗಾರ. 1830ರ ದಶಕದಲ್ಲಿ ಜಾನ್ ಜಾನ್‌ಸ್ಟನ್ ಅನ್ನುವ ಸ್ಕಾಟ್ಲೆಂಡ್ ಮೂಲದ ರೈತ ನ್ಯೂಯಾರ್ಕ್ ರಾಜ್ಯದ ತನ್ನ ಹೊಲದಲ್ಲಿ ಸುಟ್ಟ ಮಣ್ಣಿನ ಕೊಳವೆ ಹೂಳಿ ನೀರು ಬಸಿಯಲು ಶುರುಮಾಡಿದ. ನೆರೆಹೊರೆಯವರು ನಕ್ಕರಂತೆ. ಈಗ ಅಮೆರಿಕದ ಮೆಕ್ಕೆಜೋಳದ ಸೀಮೆಯ ಅಡಿಯಲ್ಲಿ ಇಂಥ ಕೊಳವೆಗಳ ಜಾಲವೇ ಇದೆ, ಮಣ್ಣಿನ ಬದಲು ತೂತಿನ ಪ್ಲಾಸ್ಟಿಕ್ ಪೈಪು ಅಷ್ಟೇ.

ಆದರೆ ಇದು ಪುಕ್ಕಟೆ ಲಾಭ ಅಂತ ನಾನು ಒಪ್ಪುವುದಿಲ್ಲ. ಬಾತುಕೋಳಿಗಳಿಗೆ ಮನೆಯಾಗಿದ್ದ ಸಾವಿರಾರು ಹೊಂಡ ಹೋದವು. ಬಸಿದ ನೀರಿನ ಜೊತೆ ಗೊಬ್ಬರದ ನೈಟ್ರೇಟ್ ಮಿಸಿಸಿಪ್ಪಿ ನದಿ ಸೇರಿ, ಮೆಕ್ಸಿಕೊ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಮೀನು ಬದುಕಲಾಗದಂಥ ನೀರು ಹರಡುತ್ತದೆ.

ಪ್ರಶ್ನೆ: ಕೋಲಾರ ತಾಲ್ಲೂಕಿನ ರೈತ ನಾನು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಕೆರೆ ತುಂಬಿದ ಮೇಲೆ ಕಟ್ಟೆ ಕೆಳಗಿನ ಜಮೀನು ಒಸರಲು ಶುರುವಾಗಿದೆ. ಟೊಮೆಟೊ ಗಿಡ ಹಳದಿಯಾಗಿ ಬಾಡುತ್ತದೆ. ಯೂರಿಯಾ ಕೊಟ್ಟರೂ ಚೇತರಿಕೆ ಇಲ್ಲ. ಏನು ಮಾಡಲಿ?

ಉತ್ತರ: ಯೂರಿಯಾ ಮೊದಲು ನಿಲ್ಲಿಸಿ. ಉಸಿರುಗಟ್ಟಿದ ಮಣ್ಣಿನಲ್ಲಿ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಬೇರಿಗೂ ಹೀರಲು ಶಕ್ತಿ ಇರುವುದಿಲ್ಲ. ದುಡ್ಡು ದಂಡ.

ಎರಡು ಅಡಿ ಗುಂಡಿ ತೋಡಿ ಒಂದು ಹೆಂಟೆ ಮುರಿದು ನೋಡಿ. ಒಳಗೆ ಬೂದು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ನೀರು ಅಲ್ಲಿ ಕಾಯಂ ನಿಂತಿದೆ ಅಂತ. ಆ ಹೆಂಟೆಯನ್ನು ಗಾಳಿಗೆ ಇಟ್ಟರೆ ಕ್ರಮೇಣ ಕಂದು ತಿರುಗುತ್ತದೆ, ಕಬ್ಬಿಣ ಮತ್ತೆ ತುಕ್ಕಾಗುವುದು. ಬೂದಿನ ನಡುವೆ ಕೆಂಪು ಚುಕ್ಕೆ ಇದ್ದರೆ ನೀರು ಬಂದು ಹೋಗುತ್ತಿದೆ, ಪರವಾಗಿಲ್ಲ, ಸರಿಮಾಡಬಹುದು.

ಕಟ್ಟೆಗೂ ಜಮೀನಿಗೂ ನಡುವೆ, ಜಮೀನಿನ ಮೇಲ್ತುದಿಯಲ್ಲೇ ಮೂರು ಅಡಿ ಆಳದ ಬಸಿಗಾಲುವೆ ತೆಗೆಸಿ. ಕಟ್ಟೆಯ ಬುಡ ಮಾತ್ರ ಕೆದಕಬೇಡಿ. ಎಷ್ಟು ದೂರ ಬಿಡಬೇಕು ಅಂತ ಸಣ್ಣ ನೀರಾವರಿಯವರನ್ನು ಕೇಳಿಯೇ ತೋಡಿ. ಅದಕ್ಕೂ ಮೊದಲು ಬಸಿದ ನೀರು ಎಲ್ಲಿಗೆ ಹೋಗಿ ಸೇರಬೇಕು ಅಂತ ತಗ್ಗು ನೋಡಿಕೊಳ್ಳಿ. ಪಕ್ಕದವರ ಜಮೀನಿಗೆ ಬಿಟ್ಟರೆ ಜಗಳ ಗ್ಯಾರಂಟಿ. ಟೊಮೆಟೊ ಬೇಕೇ ಬೇಕು ಅಂದರೆ ಎತ್ತರದ ಏರುಮಡಿ ಮಾಡಿ. ಜಿಪ್ಸಂ ಹಾಕಿ ಅಂತ ಯಾರಾದರೂ ಹೇಳಿದರೆ ತಕ್ಷಣ ತರಬೇಡಿ. ಅದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ ಔಷಧ, ಜೌಗಿಗಲ್ಲ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಲವಣ ಎಷ್ಟಿದೆ ಅಂತ ಗೊತ್ತಾದ ಮೇಲೆ ಮುಂದಿನ ಮಾತು.

ತೀರಾ ಒಸರುವ ಮೂಲೆಯಲ್ಲಿ ಈ ವರ್ಷ ಭತ್ತ ಹಾಕಿ. ಭತ್ತದ ಬೇರು ಎಲೆಯಿಂದ ತಾನೇ ಗಾಳಿ ಇಳಿಸಿಕೊಳ್ಳುತ್ತದೆ. ಕಟಾವಾದ ಮೇಲೆ ಕೂಳೆ ಕಿತ್ತು ನೋಡಿ, ಬೇರಿನ ಸುತ್ತ ತುಕ್ಕಿನ ಗೆರೆ ಇರುತ್ತದೆ.