ಬಾರದ ನಂಬರ್‌ಗೆ ಸರದಿ ಬರುತ್ತಾ?

ಪ್ರಶ್ನೆ: ಗೆಳೆಯರ ಜೊತೆ ಆಗಾಗ ಚೋರ್ಲಾ ಘಾಟ್ ಇಳಿದು ಪಣಜಿಯ ಕ್ಯಾಸಿನೊಗೆ ಹೋಗ್ತೀನಿ. ಕಳೆದ ಸಲ ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ನಂಬರಿನ ಮನೆಗೆ ಬೀಳುತ್ತೆ ಅಂತ ಹಣ ಹಾಕುವ ಆಟ) ಟೇಬಲ್ ಪಕ್ಕ ನಿಂತು ಸತತ 37 ಸುತ್ತಿನ ನಂಬರ್ ಬರೆದುಕೊಂಡೆ. 17 ಮೂರು ಸಲ ಬಂತು. ಒಟ್ಟು ಹದಿನಾಲ್ಕು ನಂಬರ್‌ಗಳು ಒಮ್ಮೆಯೂ ಬರಲಿಲ್ಲ. ಮುಂದಿನ ಸಲ ಬಾರದ ನಂಬರ್ ಮೇಲೆ ಹಾಕಲೋ, 17ರ ಮೇಲೋ? ಸೋತಾಗೆಲ್ಲ ಡಬಲ್ ಹಾಕು ಅಂತಾನೆ ಗೆಳೆಯ. ಅದು ಸರೀನಾ, ಸರ್?
– ಹೆಸರು ಬೇಡ, ಶಹಾಪುರ, ಬೆಳಗಾವಿ

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕರಿಂದ): ನೀವು ಬರೆದುಕೊಂಡು ಬಂದಿದ್ದು ಒಳ್ಳೇದಾಯ್ತು. ಲೆಕ್ಕ ಹಾಕೋಕೆ ಏನಾದರೂ ಸಿಕ್ಕಿತು.

ಒಂದೇ ಸೊನ್ನೆ ಇರುವ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆ; ಸೊನ್ನೆ ಬಿಟ್ಟರೆ 18 ಕೆಂಪು, 18 ಕಪ್ಪು. 37 ಸುತ್ತು ತಿರುಗಿಸಿದರೆ ಎಲ್ಲ ನಂಬರ್ ಒಂದೊಂದು ಸಲ ಬರಬೇಕು ಅಂತ ನಮ್ಮ ಮನಸ್ಸು ಸುಮ್ನೆ ಅಂದುಕೊಳ್ಳುತ್ತೆ. ಹಾಗಾಗಲ್ಲ. ಒಂದು ನಂಬರ್ ಒಂದು ಸುತ್ತಿನಲ್ಲಿ ತಪ್ಪಿಹೋಗುವ ಸಂಭವ 37ರಲ್ಲಿ 36. ಇದನ್ನು 37 ಸಲ ಗುಣಿಸಿದರೆ ಸುಮಾರು 0.36 ಬರುತ್ತೆ. ಅಂದರೆ 37 ನಂಬರ್‌ಗಳಲ್ಲಿ ಸರಾಸರಿ 13ಕ್ಕೂ ಜಾಸ್ತಿ ನಂಬರ್ ಮುಖ ತೋರಿಸೋದೇ ಇಲ್ಲ. ನಿಮಗೆ ಸಿಕ್ಕಿದ್ದು 14. ಸುಮಾರು ಮೂರು ನಂಬರ್ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬರೋದೂ ಮಾಮೂಲು. 37 ನಂಬರೂ ಒಂದೊಂದೇ ಸಲ ಬಂದಿದ್ದರೆ ನಾನು ಚಕ್ರದ ಮೇಲೇ ಅನುಮಾನ ಪಡುತ್ತಿದ್ದೆ!

ಬೇಕಿದ್ದರೆ ಮನೆಯಲ್ಲೇ ನೋಡಿ. 37 ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದು ಎತ್ತಿ, ಬರೆದುಕೊಂಡು, ವಾಪಸ್ ಹಾಕಿ ಕಲಸಿ. ಹೀಗೆ 37 ಸಲ. ಆಮೇಲೆ ಎರಡೂ ಪಟ್ಟಿ ಗೆಳೆಯನ ಮುಂದಿಟ್ಟು ಪಣಜಿಯದು ಯಾವುದು ಅಂತ ಕೇಳಿ. ನಮ್ಮ ಕಡೆ ಮಟ್ಕಾ ಚಾರ್ಟ್ ಓದುವವರೂ ಇದೇ ರೀತಿ ಗೆರೆ ಎಳೀತಾರೆ, ಅಲ್ವಾ?

ಬಾರದ ನಂಬರ್‌ಗೆ 'ಸರದಿ' ಅನ್ನೋದೇ ಇಲ್ಲ. ಹಿಂದಿನ ಸುತ್ತಿನಲ್ಲಿ ಏನು ಬಂತು ಅಂತ ಚೆಂಡಿಗೆ ಗೊತ್ತಿರಲ್ಲ. 1913ರ ಆಗಸ್ಟ್ 18ರಂದು ಯುರೋಪಿನ ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಕಪ್ಪು ಸತತ 26 ಸಲ ಬಂತು. ಇನ್ನು ಕೆಂಪು ಬರಲೇಬೇಕು ಅಂತ ಹಣ ಸುರಿದವರು ಮುಳುಗಿದರು. ಪ್ರತಿ ಸುತ್ತಿನಲ್ಲೂ ಕೆಂಪಿನ ಸಂಭವ 37ರಲ್ಲಿ 18 ಆಗಿಯೇ ಇತ್ತು.

ಚಕ್ರವೇ ಒಂದು ಕಡೆ ವಾಲಿದ್ದರೆ ಮಾತು ಬೇರೆ. ಆದರೆ ಅದನ್ನು ಹಿಡಿಯೋಕೆ ಸಾವಿರಾರು ಸುತ್ತಿನ ದಾಖಲೆ ಬೇಕು. ಒಂದು ಪುಟ ಸಾಲದು.

17ರ ಮೇಲೆ ಹಾಕಿದರೂ ಅಷ್ಟೇ. ಎಲ್ಲ 37 ಮನೆಗೂ ನೂರು ನೂರು ಹಾಕಿ ನೋಡಿ. ಕೈಯಿಂದ ಹೋಗೋದು 3,700. ಗೆದ್ದ ಮನೆಗೆ 35 ಪಟ್ಟು, ಅಂದರೆ 3,500. ಜೊತೆಗೆ ಅಲ್ಲಿ ಇಟ್ಟ 100 ವಾಪಸ್. ಒಟ್ಟು 3,600. ಆ ನೂರು ರೂಪಾಯಿಯೇ ಕ್ಯಾಸಿನೊದ ಪಾಲು, ನೂರಕ್ಕೆ ಸುಮಾರು 2.7. ಎರಡು ಸೊನ್ನೆಯ ಅಮೆರಿಕನ್ ಚಕ್ರವಾದರೆ 5.26. ಯಾವ ನಂಬರ್ ಆರಿಸಿದರೂ ಈ ಪಾಲು ಬದಲಾಗಲ್ಲ.

ಇನ್ನು ಡಬಲ್. ಕೆಂಪಿನ ಮೇಲೆ (ಗೆದ್ದರೆ ಹಾಕಿದಷ್ಟೇ ಲಾಭ) 100ರಿಂದ ಶುರು ಮಾಡಿ ಸತತ ಆರು ಸಲ ಸೋತರೆ 6,300 ಹೋಯ್ತು. ಹೀಗಾಗುವ ಸಂಭವ ಸುಮಾರು 55ರಲ್ಲಿ 1. ಉಳಿದ 54 ಸಲ ನೂರು ನೂರು ಗೆದ್ದರೂ ಸೇರೋದು 5,400. ಏಳನೇ ಸಲ 6,400 ಹಾಕ್ತೀನಿ ಅಂತ ಗೆಳೆಯ ಹೇಳಬಹುದು. ಟೇಬಲ್ ಮೇಲೆ ಗರಿಷ್ಠ ಮಿತಿಯ ಫಲಕ ಇರುತ್ತೆ. ಮೊದಲು ಅದನ್ನು ಓದೋಕೆ ಹೇಳಿ.