ಮಗು ಇಲ್ಲ, ಆದರೂ ಹಾಲು ಬಂತು

ಹೆರಿಗೆ ವಾರ್ಡಿನಲ್ಲಿ 26 ವರ್ಷ ಸಿಸ್ಟರ್ ಆಗಿ ದುಡಿದೆ. ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಗರ್ಭ ಕಳೆದುಕೊಂಡವರ ಪ್ರಶ್ನೆಗಳನ್ನು ನನಗೇ ಕೊಡಿ ಅಂತ ಕೇಳಿ ಪಡೆದುಕೊಂಡೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದೇ: ನಾನು ಏನು ತಪ್ಪು ಮಾಡಿದೆ? ಇದನ್ನು ಓದಿ ಓದಿ ನನಗೆ ಸಿಟ್ಟು ಬರುತ್ತದೆ. ಕೇಳಿದ ಹೆಣ್ಣುಮಗಳ ಮೇಲಲ್ಲ, ಅವಳ ತಲೆಗೆ ಆ ಮಾತು ತುಂಬಿದವರ ಮೇಲೆ. ಅಂಥ ಪ್ರಶ್ನೆಗಳನ್ನು ಮೊದಲು ಬೇಗ ಮುಗಿಸುತ್ತೇನೆ.

ಎರಡೂವರೆ ತಿಂಗಳಿಗೆ ಗರ್ಭ ಹೋಯಿತು. ಅದಕ್ಕೆ ಮುಂಚೆ ಮದುವೆ ಮನೆಯಲ್ಲಿ ಎರಡು ಹೋಳು ಪಪ್ಪಾಯಿ ತಿಂದಿದ್ದೆ. ಅದರಿಂದಲೇ ಅನ್ನುತ್ತಾರೆ. ನಿಜವೇ?

ಅಲ್ಲ. ಸ್ಕೂಟರಿನಲ್ಲಿ ಕೂತದ್ದರಿಂದಲೂ ಅಲ್ಲ, ಒಂದು ಕೊಡ ನೀರು ಎತ್ತಿದ್ದರಿಂದಲೂ ಅಲ್ಲ, ಗ್ರಹಣದ ದಿನ ಅಂಗಳಕ್ಕೆ ಬಂದದ್ದರಿಂದಲೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮಿನ ಏರುಪೇರೇ ಕಾರಣ. ಹೆಚ್ಚಿನ ಸಲ ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ನೀವು ಆ ಮದುವೆಗೆ ಹೋಗುವ ಎಷ್ಟೋ ಮುಂಚೆಯೇ.

ಎರಡು ಸಲ ಗರ್ಭ ಹೋಗಿದೆ. ಟಾರ್ಚ್ ಟೆಸ್ಟಿನಲ್ಲಿ (ರುಬೆಲ್ಲಾದಂಥ ಕೆಲವು ಸೋಂಕು ಹುಡುಕುವ ರಕ್ತ ಪರೀಕ್ಷೆ) ಸೋಂಕು ಬಂದಿದೆ ಅಂತ ಎಂಟು ತಿಂಗಳಿಂದ ಮಾತ್ರೆ ಕೊಡುತ್ತಿದ್ದಾರೆ. ಇನ್ನೂ ಎಷ್ಟು ದಿನ?

ರಿಪೋರ್ಟಿನಲ್ಲಿ ಐಜಿಜಿ ಅನ್ನುವ ಪ್ರತಿಕಾಯ ಮಾತ್ರ ಪಾಸಿಟಿವ್ ಇದ್ದರೆ, ಎಂದೋ ಬಂದು ಹೋದ ಸೋಂಕಿನ ಗುರುತು ಅಷ್ಟೇ. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ಬೇಕಿಲ್ಲ. ಪದೇ ಪದೇ ಗರ್ಭ ಹೋಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಟೆಸ್ಟ್ ಸಹಾಯಕ್ಕೆ ಬರುವುದಿಲ್ಲ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್, ಮತ್ತೆ ಎಪಿಎಲ್‌ಎ ರಕ್ತ ಪರೀಕ್ಷೆ (ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯ ಇದೆಯಾ ಅಂತ ನೋಡುವುದು), ಇವನ್ನು ಮಾಡಿಸಿದ್ದಾರಾ ಅಂತ ಕೇಳಿ. ಎಪಿಎಲ್‌ಎ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಇದ್ಯಾವುದನ್ನೂ ಕೇಳದೆ ಟಾರ್ಚ್ ಒಂದನ್ನೇ ಬರೆದುಕೊಟ್ಟಿದ್ದರೆ ಬೇರೆ ವೈದ್ಯರ ಹತ್ತಿರ ಹೋಗಿ.

ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ನೋವು ಬರಿಸಿ ಹೆರಿಗೆ ಮಾಡಿಸಿದರು, ಎರಡನೇ ದಿನ ಮನೆಗೆ ಕಳಿಸಿದರು. ಮೂರನೇ ದಿನ ರಾತ್ರಿ ಎದೆ ಕಲ್ಲಿನಂತಾಗಿ ಹಾಲು ಸೋರಿತು. ಹೀಗಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅತ್ತೆ ಹಳೇ ಪಂಚೆ ಹರಿದು ಎದೆಗೆ ಬಿಗಿಯಾಗಿ ಕಟ್ಟಿದ್ದಾರೆ. ನೀರು ಕೊಡುತ್ತಿಲ್ಲ. ಹಾಲು ತಲೆಗೇರಿದರೆ ಸನ್ನಿ ಹಿಡಿಯುತ್ತದೆ ಅನ್ನುತ್ತಾರೆ. ಏನು ಮಾಡಲಿ?

ಮೊದಲು ಆ ಬಟ್ಟೆ ಬಿಚ್ಚಿ. ಒಂದು ಚೊಂಬು ನೀರು ಕುಡಿಯಿರಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಪತ್ರ ಒಂದೇ ಅಲ್ಲ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನಿಂದ ನಾಲ್ವರು ಬರೆದಿದ್ದಾರೆ. ನಾಲ್ವರೂ ಬರೆದ ಒಂದು ಸಾಲು ಹೆಚ್ಚುಕಮ್ಮಿ ಒಂದೇ: ಯಾರೂ ಹೇಳಿರಲಿಲ್ಲ. ಈ ಸಲ ಜಾಗವೆಲ್ಲ ಈ ಪ್ರಶ್ನೆಗೇ ಹೋದರೂ ಪರವಾಗಿಲ್ಲ.

ನಾನೂ ಒಬ್ಬರಿಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಅವರಿಗೂ ಎಂಟು ತಿಂಗಳೇ. ಡಿಸ್ಚಾರ್ಜ್ ಕಾಗದದಲ್ಲಿ ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ ಬರೆದದ್ದನ್ನು ಓದಿ ಹೇಳಿ ಕಳಿಸಿದೆ. ಅವರ ಮುಂದೆ ಹಾಲಿನ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಐದನೇ ದಿನ 102 ಡಿಗ್ರಿ ಜ್ವರದಲ್ಲಿ ವಾಪಸ್ ಬಂದರು. ರವಿಕೆ, ಸೆರಗು ಎಲ್ಲ ಒದ್ದೆ. ಮಂಚದ ಮೇಲೆ ಕೂತು, 'ಸಿಸ್ಟರ್, ಮಗು ಇಲ್ಲ ಅಂತ ಇದಕ್ಕೆ ಯಾರು ಹೇಳಬೇಕು?' ಅಂದರು. ಅವತ್ತಿನಿಂದ ನನ್ನ ಕೈಯಿಂದ ಒಬ್ಬ ತಾಯಿಯೂ ಈ ವಿಷಯ ಗೊತ್ತಿಲ್ಲದೆ ಮನೆಗೆ ಹೋಗಿಲ್ಲ.

ಆಗುವುದು ಇಷ್ಟು. ನಾಲ್ಕು ಐದು ತಿಂಗಳ ಹೊತ್ತಿಗೇ ಎದೆ ಹಾಲು ತಯಾರಿಸಲು ಸಿದ್ಧವಾಗುತ್ತದೆ. ಆದರೆ ಮಾಸಿನಿಂದ ಬರುವ ಪ್ರೊಜೆಸ್ಟರಾನ್ ಹಾರ್ಮೋನು ಅದನ್ನು ತಡೆದು ಹಿಡಿದಿರುತ್ತದೆ. ಮಾಸು ಹೊರಗೆ ಬಂದ ಮೇಲೆ ಆ ತಡೆ ಹೋಗುತ್ತದೆ. ಎರಡರಿಂದ ಐದು ದಿನದೊಳಗೆ ಹಾಲು ಇಳಿಯುತ್ತದೆ. ಮಗು ಅಳಬೇಕು, ಬಾಯಿ ಹಾಕಬೇಕು ಅಂತೇನಿಲ್ಲ. ಐದು ತಿಂಗಳಿಗೆ ಗರ್ಭ ಹೋದವರಿಗೂ ಹಾಲು ಬರಬಹುದು. ಎರಡು ಮೂರು ತಿಂಗಳಿಗೆ ಹೋದವರಿಗೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮಲ್ಲಿ ಎರಡನೇ ದಿನ ಮನೆಗೆ ಕಳಿಸುತ್ತಾರೆ, ಮೂರನೇ ದಿನ ಹಾಲು ಬರುತ್ತದೆ. ಹಾಗಾಗಿ ಇದು ಆಸ್ಪತ್ರೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಬಿಗಿಯಾಗಿ ಕಟ್ಟಿದರೆ ಹಾಲು ಬೇಗ ನಿಲ್ಲುತ್ತದೆ ಅನ್ನುವುದು ಸುಳ್ಳು. ನೋವು ಜಾಸ್ತಿಯಾಗುತ್ತದೆ. ಹಾಲಿನ ನಾಳ ಕಟ್ಟಿಕೊಂಡು ಎದೆ ಬಾವು ಬರುತ್ತದೆ, ಕೆಲವರಿಗೆ ಕೀವೂ ಆಗುತ್ತದೆ. ಕಟ್ಟುವ ಬದಲು ಅಳತೆಗೆ ಸರಿಯಾದ, ಒತ್ತದ ಬ್ರಾ ಹಾಕಿ. ಮೊದಲ ಕೆಲವು ದಿನ ರಾತ್ರಿಯೂ ಇರಲಿ. ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಮಡಚಿ ಇಟ್ಟು, ಒದ್ದೆಯಾದಾಗಲೆಲ್ಲ ಬದಲಾಯಿಸಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು 15-20 ನಿಮಿಷ ಎದೆ ಮೇಲೆ ಇಡಿ. ದಿನಕ್ಕೆ ಎಷ್ಟು ಸಲ ಬೇಕಾದರೂ ಇಡಬಹುದು. ಬಿಸಿ ಶಾಖ ಬೇಡ. ಬಾಣಂತಿಗೆ ಬಿಸಿನೀರು ಎರೆಯುವಾಗಲೂ ಎದೆಗೆ ನೇರವಾಗಿ ಸುರಿಯಬೇಡಿ, ಬಿಸಿ ತಗುಲಿದರೆ ಹಾಲು ಇನ್ನೂ ಇಳಿಯುತ್ತದೆ. ತೊಳೆದು ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆಯನ್ನು ಬ್ರಾ ಒಳಗೆ ಇಟ್ಟು, ಬಾಡಿದ ಮೇಲೆ ತೆಗೆದರೆ ಕೆಲವರಿಗೆ ಹಾಯೆನಿಸುತ್ತದೆ. ನೋವಿಗೆ ಪ್ಯಾರಸಿಟಮಾಲ್ ಸಾಕು. 650 ಮಿ.ಗ್ರಾಂ. ಮಾತ್ರೆಯಾದರೆ ಆರು ಗಂಟೆಗೆ ಒಂದು, ಅದಕ್ಕಿಂತ ಜಾಸ್ತಿ ಬೇಡ.

ಹಿಂಡಿ ತೆಗೆಯಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ತಡೆಯಲಾರದಷ್ಟು ಬಿಗಿಯಾದಾಗ ಕೈಯಲ್ಲಿ ಮೆಲ್ಲಗೆ ಒಂದಿಷ್ಟು ತೆಗೆಯಿರಿ. ಎದೆ ಹಗುರವಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಪೂರ್ತಿ ಖಾಲಿ ಮಾಡಿದರೆ, ಇನ್ನೂ ಬೇಕು ಅಂತ ದೇಹ ತಿಳಿಯುತ್ತದೆ. ಬಿಗಿತ ಎರಡು ಮೂರು ದಿನ ಜೋರಾಗಿರುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಆಮೇಲೂ ಕೆಲವು ವಾರ ಆಗೊಮ್ಮೆ ಈಗೊಮ್ಮೆ ಹನಿ ಬರಬಹುದು. ಪಕ್ಕದ ಮನೆ ಕೂಸು ಅತ್ತಾಗ ಬರಬಹುದು. ಅದಕ್ಕೆ ಹೆದರಬೇಡಿ.

ನೀರು ಬಿಡುವುದರಿಂದ ಹಾಲು ಬತ್ತುವುದಿಲ್ಲ. ಮೂತ್ರದ ಸೋಂಕು, ಮಲಬದ್ಧತೆ ಬರುತ್ತವೆ ಅಷ್ಟೇ. ಹೆರಿಗೆಯಾದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುತ್ತದೆ, ನೀರು ಕಮ್ಮಿಯಾದರೆ ಅದೂ ಹೆಚ್ಚುತ್ತದೆ.

ಹಾಲು ತಲೆಗೇರುವುದೂ ಇಲ್ಲ. ಆದರೆ ಈ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಕೆಲವೇ ಕೆಲವರಿಗೆ ತೀವ್ರವಾದ ಮಾನಸಿಕ ಕಾಯಿಲೆ ಬರುವುದುಂಟು. ನಿದ್ದೆಯೇ ಬರುವುದಿಲ್ಲ, ಇಲ್ಲದ ದನಿ ಕೇಳುತ್ತದೆ, ಸಂಬಂಧವಿಲ್ಲದ ಮಾತಾಡುತ್ತಾರೆ. ಹಿರಿಯರು ಸನ್ನಿ ಅಂದದ್ದು ಇದನ್ನೇ. ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಮಂತ್ರ ಹಾಕಿಸುತ್ತಾ, ಹೊಗೆ ಹಾಕುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಚಿಕಿತ್ಸೆಯಿಂದ ವಾಸಿಯಾಗುತ್ತದೆ.

ಹಾಲು ನಿಲ್ಲಿಸುವ ಮಾತ್ರೆ ಇದೆ, ಕ್ಯಾಬರ್‌ಗೋಲಿನ್. ಹೆರಿಗೆಯಾದ ಮೊದಲ ದಿನವೇ ಒಂದೇ ಸಲ 1 ಮಿ.ಗ್ರಾಂ. ಕೊಟ್ಟರೆ ಎಷ್ಟೋ ಜನಕ್ಕೆ ಹಾಲು ಬರುವುದೇ ಇಲ್ಲ. ಬಂದ ಮೇಲೂ ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ. ಆದರೆ ಬಿಪಿ ಇರುವವರಿಗೆ, ಹಿಂದೆ ಮಾನಸಿಕ ಕಾಯಿಲೆ ಬಂದಿದ್ದವರಿಗೆ ಇದು ಆಗದು. ಇಲ್ಲೇ ನನ್ನ ಭಯ ಇರುವುದು. ಮಗು ಹೊಟ್ಟೆಯಲ್ಲೇ ತೀರಿಕೊಳ್ಳಲು ಬಿಪಿಯೇ ಒಂದು ದೊಡ್ಡ ಕಾರಣ. ಅಂದರೆ ಈ ಮಾತ್ರೆ ಯಾರಿಗೆ ಬೇಕಾಗುತ್ತದೋ, ಅವರಲ್ಲೇ ಹಲವರಿಗೆ ಇದನ್ನು ಕೊಡುವಂತಿಲ್ಲ. ಇದೇ ಜಾತಿಯ ಹಳೇ ಮಾತ್ರೆ ಬ್ರೋಮೊಕ್ರಿಪ್ಟಿನ್. ಪಾರ್ಶ್ವವಾಯು, ಫಿಟ್ಸ್, ಹೃದಯಾಘಾತದ ವರದಿಗಳು ಬಂದ ಮೇಲೆ, ಹಾಲು ನಿಲ್ಲಿಸಲು ಅದನ್ನು ಬಳಸುವ ಒಪ್ಪಿಗೆಯನ್ನು ಅಮೆರಿಕದಲ್ಲಿ 1990ರ ದಶಕದಲ್ಲೇ ವಾಪಸ್ ಪಡೆದರು. ಮೆಡಿಕಲ್ ಶಾಪಿನವರು 'ಹಾಲು ನಿಲ್ಲುವ ಮಾತ್ರೆ' ಅಂತ ಕೈಗಿಟ್ಟದ್ದನ್ನು ಬಿಪಿ ನೋಡಿಸದೆ ನುಂಗಬೇಡಿ. ನಾನು ಸ್ವಲ್ಪ ಅತಿಯಾಗಿಯೇ ಹೆದರುತ್ತೇನೆ ಅನ್ನಿಸಬಹುದು. ಅನ್ನಿಸಲಿ.

ಮಲ್ಲಿಗೆ ಹೂವಿನ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಅನ್ನುವುದು ನಮ್ಮ ದಕ್ಷಿಣದ ಹಳೇ ರೂಢಿ. ಇದನ್ನು ಬ್ರೋಮೊಕ್ರಿಪ್ಟಿನ್ ಜೊತೆ ಹೋಲಿಸಿ ನೋಡಿದ ಒಂದು ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಹೂವಿನಿಂದಲೂ ಹಾಲು ಕಮ್ಮಿಯಾಯಿತು ಅಂತ ಅದರಲ್ಲಿದೆ. ಒಂದು ಚಿಕ್ಕ ಅಧ್ಯಯನ ನಂಬಿ ನಾನು ಭರವಸೆ ಕೊಡಲಾರೆ. ಅಜ್ಜಿ ಮಲ್ಲಿಗೆ ಇಡುತ್ತೇನೆ ಅಂದರೆ ಇಡಲಿ. ಬಟ್ಟೆ ಬಿಗಿಯದಿದ್ದರೆ ಆಯಿತು.

ಕೆಲವು ತಾಯಂದಿರಿಗೆ ಹಾಲು ನಿಲ್ಲಿಸುವುದೇ ಬೇಡವಾಗಿರುತ್ತದೆ. ಇದನ್ನು ಮನೆಯವರು ನಂಬುವುದಿಲ್ಲ, ನಾನು ನೋಡಿದ್ದೇನೆ. ಅಂಥವರು ಎದೆಹಾಲಿನ ಬ್ಯಾಂಕಿಗೆ ಹಾಲು ಕೊಡಬಹುದು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ರಕ್ತ ಪರೀಕ್ಷೆ ಮಾಡುತ್ತಾರೆ, ಅವರದ್ದೇ ನಿಯಮಗಳಿರುತ್ತವೆ, ಮೊದಲೇ ಕೇಳಿಕೊಳ್ಳಿ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆ ಹಾಲು ಹೋಗುತ್ತದೆ. ಆದರೆ 'ಪುಣ್ಯ ಬರುತ್ತೆ, ಕೊಡಮ್ಮ' ಅಂತ ಯಾರೂ ಒತ್ತಾಯ ಮಾಡಬಾರದು. ಆ ತೀರ್ಮಾನ ತಾಯಿಯದ್ದು ಮಾತ್ರ.

ಇನ್ನು ನಿಮ್ಮ ಅತ್ತೆಗೆ ಒಂದು ಮಾತು. ಅಮ್ಮಾ, ಪಂಚೆ ಹರಿದು ಕಟ್ಟಿದ್ದು ಕಾಳಜಿಯಿಂದಲೇ ಅಂತ ನನಗೆ ಗೊತ್ತು. ಆ ಕಾಳಜಿಯನ್ನು ಬಾಣಂತನಕ್ಕೆ ಕೊಡಿ. ಮಗು ಇಲ್ಲದಿದ್ದರೂ ನಿಮ್ಮ ಸೊಸೆ ಬಾಣಂತಿಯೇ. ಮಗು ಮಡಿಲಲ್ಲಿ ಇದ್ದರೆ ಮೂರು ತಿಂಗಳು ಮಂಚದಿಂದ ಇಳಿಯಲು ಬಿಡದ ಮನೆಗಳಲ್ಲಿ, ಮಗು ಹೋದರೆ ಎಂಟನೇ ದಿನಕ್ಕೆ ಪಾತ್ರೆ ತಿಕ್ಕಲು ಕೂರಿಸುತ್ತಾರೆ. ಅದೇ ಹೊಟ್ಟೆ, ಅದೇ ಗಾಯ, ಅಷ್ಟೇ ರಕ್ತ ಹೋಗಿದೆ ಅಲ್ವಾ? ಬಿಸಿ ಊಟ, ಸೊಪ್ಪು, ಮೊಟ್ಟೆ, ನಿದ್ದೆ ಎಲ್ಲ ಬೇಕು.

ಈ ಲಕ್ಷಣಗಳಿದ್ದರೆ ಕಾಯಬೇಡಿ: 100.4 ಡಿಗ್ರಿ ದಾಟಿದ ಜ್ವರ, ನಡುಕ, ಎದೆಯ ಒಂದು ಕಡೆ ಕೆಂಪಾಗಿ ಬಿಸಿಯಾಗುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಕೆಟ್ಟ ವಾಸನೆಯ ಸ್ರಾವ, ಒಂದೇ ಕಾಲು ಊದಿಕೊಂಡು ನೋಯುವುದು, ಕಣ್ಣು ಮಂಜಾಗುವಂಥ ತಲೆನೋವು. ತಾಯಿ ಕಾರ್ಡನ್ನು ಮಗು ಹೋಯಿತು ಅಂತ ಎಸೆಯಬೇಡಿ. ಮುಂದಿನ ಬಸಿರಿನಲ್ಲಿ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.

ನಾನು ನರ್ಸಿಂಗ್ ಮೂರನೇ ವರ್ಷ. ಮಗು ಕಳೆದುಕೊಂಡ ತಾಯಿಯ ಹತ್ತಿರ ಏನು ಮಾತಾಡಬೇಕು, ಮೇಡಂ?

'ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಆಗುತ್ತೆ' ಅನ್ನಬೇಡ. 'ದೇವರಿಗೆ ಬೇಕಾಗಿತ್ತು' ಅನ್ನಬೇಡ. 'ಮಗು ತೀರಿಕೊಂಡಿದ್ದು ಕೇಳಿ ನನಗೂ ತುಂಬಾ ಬೇಜಾರಾಗಿದೆ' ಅನ್ನು. ಪಕ್ಕದಲ್ಲಿ ಕೂರು. ಮಗುವನ್ನು ನೋಡುತ್ತೀರಾ ಅಂತ ತಾಯಿಯನ್ನೇ ಕೇಳು, ಗಂಡನನ್ನೋ ಅತ್ತೆಯನ್ನೋ ಅಲ್ಲ. ಹೂಂ ಅಂದರೆ ಒರೆಸಿ, ಬಟ್ಟೆ ಸುತ್ತಿ, ಎಲ್ಲ ಮಕ್ಕಳನ್ನು ಎತ್ತಿಕೊಳ್ಳುವ ಹಾಗೆಯೇ ಎತ್ತಿ ತಂದುಕೊಡು. ಬೇಡ ಅಂದರೆ ಬಲವಂತ ಬೇಡ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳು. ಬಾಣಂತಿಯರ ಮಧ್ಯದ ಮಂಚ ಕೊಡಬೇಡ. ವಾರ್ಡಿನಲ್ಲಿ ಜಾಗವೇ ಇಲ್ಲದಿದ್ದರೆ ಗೋಡೆ ಬದಿಗೆ ಹಾಕಿ ಪರದೆ ಎಳೆ. ಕೇಸ್ ಶೀಟ್ ಮೇಲೆ ಎಲ್ಲರಿಗೂ ಗೊತ್ತಾಗುವ ಗುರುತು ಹಾಕು. ಇಲ್ಲದಿದ್ದರೆ ಡ್ಯೂಟಿ ಬದಲಾದಾಗ ಬಂದವರು 'ಮಗುಗೆ ಹಾಲು ಕೊಟ್ರಾ?' ಅಂತ ಕೇಳಿಬಿಡುತ್ತಾರೆ. ಮತ್ತೆ, ಮನೆಗೆ ಹೋಗುವ ಮುಂಚೆ ಹಾಲಿನ ವಿಷಯ ಹೇಳು. ಬಾಯಿ ಬರದಿದ್ದರೂ ಹೇಳು.

ನನ್ನ ರಕ್ತ ನೆಗೆಟಿವ್ ಗುಂಪು. ನಾಲ್ಕನೇ ತಿಂಗಳಲ್ಲಿ ಗರ್ಭ ಹೋಯಿತು. ಇಂಜೆಕ್ಷನ್ ಬೇಕಾ?

ಗಂಡನ ರಕ್ತ ಪಾಸಿಟಿವ್ ಆಗಿದ್ದರೆ ಬೇಕು, ಆಂಟಿ-ಡಿ, 72 ಗಂಟೆಯೊಳಗೆ. ಇದನ್ನು ಪತ್ರ ಬರೆದು ಕೇಳುವಷ್ಟು ಹೊತ್ತು ಕಾಯಬೇಡಿ.

ಗರ್ಭ ಹೋದ ಮೇಲೆ ಗರ್ಭಕೋಶ ಕ್ಲೀನ್ ಆಗಲು ನಾಟಿ ಕಷಾಯ ಕೊಡುತ್ತಾರಂತೆ. ಮುಂದಿನ ಬಸಿರು ಗ್ಯಾರಂಟಿ ಅಂತೆ. ಕುಡಿಯಬಹುದಾ?

ಬೇಡ. ಒಳಗೆ ಚೂರು ಉಳಿದಿದ್ದರೆ ಅದು ಸ್ಕ್ಯಾನಿನಲ್ಲಿ ಕಾಣುತ್ತದೆ. ತೆಗೆಯಲು ಮಾತ್ರೆ ಇದೆ, ಹೀರಿ ತೆಗೆಯುವ ಸಣ್ಣ ವಿಧಾನವಿದೆ. ಕಷಾಯ ಕುಡಿದು ಮನೆಯಲ್ಲೇ ಕಾದು, ಕಡೆಗೆ ನಂಜೇರಿ, ಆಂಬುಲೆನ್ಸಿನಲ್ಲಿ ಬಂದವರನ್ನು ನಾನು ಕೈಯಾರೆ ಇಳಿಸಿಕೊಂಡಿದ್ದೇನೆ. ಬಸಿರಿಗೆ ಗ್ಯಾರಂಟಿ ಕೊಡುವವರು ಯಾರೇ ಆಗಲಿ, ಕೈಯಲ್ಲಿ ಕಷಾಯ ಇರಲಿ, ಇಂಗ್ಲಿಷ್ ಮಾತ್ರೆ ಇರಲಿ, ಅವರು ಸುಳ್ಳು ಹೇಳುತ್ತಿದ್ದಾರೆ.

ಗಾರ್ಮೆಂಟ್ಸಿನಲ್ಲಿ ಕೆಲಸ. ಐದು ತಿಂಗಳಿಗೆ ಗರ್ಭ ಹೋಯಿತು. ಮೂರು ದಿನ ರಜೆ ಅಂತಾರೆ.

ಆರು ವಾರ, ಸಂಬಳದ ಸಮೇತ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇರುವ ಹಕ್ಕು ಇದು. ಆಸ್ಪತ್ರೆಯ ಸರ್ಟಿಫಿಕೇಟ್ ಜೊತೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಇಎಸ್‌ಐ ಕಾರ್ಡ್ ಇದ್ದರೆ ಅದರ ಮೂಲಕ ಕೇಳಿ. 26 ವಾರ ದಾಟಿದ ಮೇಲೆ ಮಗು ಸತ್ತು ಹುಟ್ಟಿದ್ದರೆ ಕಾನೂನು ಅದನ್ನೂ ಮಗು ಅಂತಲೇ ಎಣಿಸುತ್ತದೆ. ಆಗ ಹೆರಿಗೆ ರಜೆಯೇ ಸಿಗಬೇಕು.

ಮಗು ಹೋಗಿ ಒಂದೂವರೆ ತಿಂಗಳಾಯಿತು. ಹೆಂಡತಿ ಸರಿಯಾಗಿ ಊಟ ಮಾಡುವುದಿಲ್ಲ, ಮಾತಿಲ್ಲ. ಮಗುವಿಗೆ ತಂದಿದ್ದ ಬಟ್ಟೆ ಕಣ್ಣಿಗೆ ಬಿದ್ದರೆ ಅಳುತ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ಯಾರಿಗಾದರೂ ಕೊಟ್ಟುಬಿಡಲೇ?

ಕೊಡಬೇಡಿ. ಅವರನ್ನು ಕೇಳದೆ ಒಂದು ಟೋಪಿಯನ್ನೂ ಮನೆಯಿಂದ ಆಚೆ ಕಳಿಸಬೇಡಿ. ಅಳಲಿ, ನೀವೂ ಜೊತೆಗೆ ಕೂತು ಅಳಬಹುದು. ಆದರೆ ಊಟ, ಮಾತು ಬಿಟ್ಟು ಎರಡು ವಾರ ದಾಟಿದೆ ಅಂದರೆ ಅದು ಬರೀ ದುಃಖ ಅಲ್ಲದಿರಬಹುದು. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ನೀವೇ ಮಾಡಿದರೂ ಆಗುತ್ತದೆ. ಸಾಯಬೇಕು ಅನ್ನುವ ಮಾತು ಬಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಟ್ಟೆಗಳನ್ನು ಮಡಚಿ ಬೀರುವಿನಲ್ಲಿಡಿ. ಎಲ್ಲಿಟ್ಟಿದ್ದೀರಿ ಅಂತ ಅವರಿಗೆ ಹೇಳಿ.